ಮದ್ದಿಗೆ ಮಣಿಯದ ಕ್ರಿಮಿ

ಕಾನಹೊಸಹಳ್ಳಿಯ ಮಗ್ಗುಲಲ್ಲಿ ಹಾಯ್ದಿರುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದವನನ್ನು ಉಳಿಸಲು ಬಂಧುಗಳು ಹೊಲವನ್ನು ಅಡವಿಟ್ಟಾದರೂ ದೂರದ ನಗರದ ತೀವ್ರ ನಿಗಾ ಘಟಕಕ್ಕೆ ಸೇರಿಸುವರು. ಗಾಯವನ್ನು ಗೆದ್ದವನು ಆಸ್ಪತ್ರೆಯಲ್ಲಿಯೇ ಅಂಟಿದ ಸೋಂಕಿನಿಂದ ಮಡಿದರೆ, ಅದನ್ನು ವಿಧಿಯೆಂದು ಕರೆದು ಸುಮ್ಮನಾಗುವುದು ನ್ಯಾಯವೆ?

ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳ ಹಲವು ತಳಿಗಳು ವೈದ್ಯರ ಕಡೆಯ ಅಸ್ತ್ರಗಳಲ್ಲೊಂದಾದ ಕಾರ್ಬಪೆನೆಮ್ ಔಷಧಗಳಿಗೂ ಮಣಿಯವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂತಹ ತಳಿಗಳನ್ನು ಅತ್ಯಂತ ಅಪಾಯಕರ ವರ್ಗದಲ್ಲಿ ಎಣಿಸಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ರೋಗಿಯೊಬ್ಬನಲ್ಲಿ 2008ರಲ್ಲಿ ಸ್ವೀಡನ್ನಿನಲ್ಲಿ ಕಂಡುಬಂದ ಇಂತಹ ನಿರೋಧಕಿಣ್ವಕ್ಕೆ ವಿಜ್ಞಾನಿಗಳು ನಮ್ಮ ರಾಜಧಾನಿಯ ಹೆಸರನ್ನೇ ಇಟ್ಟಾಗ ದೇಶವೆಲ್ಲ ಕೆರಳಿತು. ಆ ರೋಷವು ಸಹಜವೇ. ಆದರೆ ಕಳಂಕವನ್ನು ತೊಳೆಯುವುದು ಪ್ರತಿಭಟನೆಯಿಂದಲ್ಲ, ಆಸ್ಪತ್ರೆಯ ಉಪಕರಣಗಳನ್ನು ತೊಳೆಯುವುದರಿಂದ.

ಅಸಿನೆಟೊಬ್ಯಾಕ್ಟರ್ ಒಣಗಿದ ವಸ್ತುವಿನ ಮೇಲೂ ವಾರಗಟ್ಟಲೆ ಬದುಕಬಲ್ಲದು. ಮಂಚದ ಕಂಬಿ, ರಕ್ತದೊತ್ತಡ ಅಳೆಯುವ ಪಟ್ಟಿ, ಸ್ಟೆತೊಸ್ಕೋಪು, ವೆಂಟಿಲೇಟರಿನ ಗುಂಡಿ ಇವೆಲ್ಲವೂ ಒಬ್ಬನಿಂದ ಮತ್ತೊಬ್ಬನಿಗೆ ಅದನ್ನು ಸಾಗಿಸುವ ವಾಹನಗಳು. ಪರಿಹಾರವು ಗೂಢವಾದುದಲ್ಲ. ಒಡಲೊಳಗೆ ಹೊಗುವ ಶಸ್ತ್ರಕ್ಕೆ ಆಟೋಕ್ಲೇವಿನ ಹಬೆ ಬೇಕು. ಶ್ವಾಸನಾಳವನ್ನು ಮುಟ್ಟುವ ಉಪಕರಣಕ್ಕೆ ಪ್ರಬಲವಾದ ಸೋಂಕುನಿವಾರಣೆ ಬೇಕು. ಚರ್ಮವನ್ನಷ್ಟೇ ಮುಟ್ಟುವುದನ್ನು ಪ್ರತಿ ರೋಗಿಯ ತರುವಾಯ ಒರೆಸಬೇಕು. ಎಲ್ಲಕ್ಕೂ ಮೊದಲು ಕೊಳೆಯನ್ನು ತೊಳೆಯಬೇಕು. ರಕ್ತವೋ ಕಫವೋ ಉಳಿದರೆ ಅದರ ಮರೆಯಲ್ಲಿ ಕ್ರಿಮಿಗಳು ಔಷಧದ್ರಾವಣದಿಂದ ಪಾರಾಗುವುವು.

ಕೇಂದ್ರ ಸರ್ಕಾರವು 2020ರಲ್ಲಿಯೇ ಇದಕ್ಕೆ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸಿದೆ. ಕೊರತೆಯಿರುವುದು ನಿಯಮದಲ್ಲಲ್ಲ, ಹೊಣೆಯಲ್ಲಿ. ವೆಂಟಿಲೇಟರಿನ ಗುಂಡಿಯನ್ನು ಒರೆಸುವವರು ಯಾರು? ಹತ್ತಾರು ಕೆಲಸಗಳ ನಡುವೆ ಸಿಕ್ಕ ದಾದಿಯು ಅದು ಸ್ವಚ್ಛತಾ ಕಾರ್ಮಿಕರ ಕೆಲಸವೆಂದು ಭಾವಿಸಬಹುದು. ಗುತ್ತಿಗೆಯ ಕಾರ್ಮಿಕನು ಬೆಲೆಬಾಳುವ ಯಂತ್ರವನ್ನು ಮುಟ್ಟಲು ಅಂಜಬಹುದು. ತಂತ್ರಜ್ಞನು ಅದು ಕೆಟ್ಟಾಗ ಮಾತ್ರ ಬರಬಹುದು. ಎಲ್ಲರ ಕೆಲಸವೆಂಬುದು ಹೀಗೆ ಯಾರ ಕೆಲಸವೂ ಅಲ್ಲದೆ ಹೋಗುವುದು.

ಆದುದರಿಂದ ಪ್ರತಿಯೊಂದು ಉಪಕರಣಕ್ಕೂ ಹೊಣೆಗಾರರ ಹೆಸರನ್ನು ಗೊತ್ತುಮಾಡಬೇಕು. ಶುಚಿಗೊಳಿಸಿದ ವೇಳೆಯನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಆ ಕೆಲಸ ಮಾಡುವವರಿಗೆ ಶಿಕ್ಷಣವೂ ಸಾಕಷ್ಟು ಸಮಯವೂ ನ್ಯಾಯವಾದ ವೇತನವೂ ದೊರೆಯಬೇಕು. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಗಣಿನಿಧಿಯಲ್ಲಿ ಆರೋಗ್ಯಕ್ಕೆ ಆದ್ಯತೆಯುಂಟು. ಯಂತ್ರವನ್ನು ಕೊಳ್ಳುವಾಗ ಉದ್ಘಾಟನೆಗೆ ಬರುವ ಜನಪ್ರತಿನಿಧಿಗಳು, ಅದನ್ನು ತೊಳೆಯುವ ಕೈಗೂ ಆ ನಿಧಿಯಿಂದ ಪಾಲು ಕೊಡಿಸಲೆಂಬುದು ನಮ್ಮ ಆಗ್ರಹ. ಹೊಸ ಔಷಧವನ್ನು ಕಂಡುಹಿಡಿಯಲು ವರ್ಷಗಳು ಬೇಕು. ಬಟ್ಟೆ, ಸಾಬೂನು, ಶಿಸ್ತುಗಳಿಗೆ ನಾಳೆಯವರೆಗೂ ಕಾಯಬೇಕಾಗಿಲ್ಲ.