ಕುರ್ಚಿ ತಪ್ಪಿತು, ತೀರ್ಪು ಉಳಿಯಿತು



ಕಳೆದ ಶನಿವಾರ ಮಧ್ಯಾಹ್ನ ನನ್ನ ಮೊಮ್ಮಗ ಶಾಲೆಯಿಂದ ಬಂದವನೇ ಚೀಲವನ್ನು ಕಟ್ಟೆಯ ಮೇಲೆ ಒಗೆದು, ಊಟಕ್ಕೂ ಏಳದೆ ಮೂಲೆ ಹಿಡಿದು ಕುಳಿತ. ಅವನ ಅಜ್ಜಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಚ್ಚಿಕೊಟ್ಟರೂ ಕೈ ಚಾಚಲಿಲ್ಲ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ.

ಖೋ ಖೋ ತಂಡದಲ್ಲಿ ಇವನೇ ಹಳಬ. ಈ ವರ್ಷ ನಾಯಕನಾಗುವ ಸರದಿ ಇವನದು. ಹಿಂದಿನ ವಾರದ ಪಂದ್ಯದಲ್ಲಿ ಓಡುವ ಹುಡುಗನನ್ನು ಬೆನ್ನಟ್ಟಿದ್ದಾನೆ, ಪಂಚರು "ಮುಟ್ಟಿದೆಯಾ?" ಎಂದು ಕೇಳಿದ್ದಾರೆ, ಇವನು "ಇಲ್ರಿ, ಕೈ ತಾಗಲಿಲ್ಲ" ಎಂದುಬಿಟ್ಟಿದ್ದಾನೆ. ಒಂದೇ ಅಂಕದಿಂದ ಇವರ ತಂಡ ಸೋತಿದೆ. ಈ ವಾರ ನಾಯಕನ ಪಟ್ಟ ಬೇರೊಬ್ಬನಿಗೆ ಹೋಗಿದೆ. "ತಂಡ ಗೆಲ್ಲಸೋ ಹುಡುಗ ಬೇಕು" ಎಂದರಂತೆ.

"ಅಜ್ಜಾ, ಖರೇ ಹೇಳಿದ್ದಕ್ಕ ಲುಕ್ಸಾನ ಆತಲ್ಲ?"

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ಜಮೆ ಎಷ್ಟು, ಖರ್ಚು ಎಷ್ಟು ಎಂದು ನೋಡದೆ ಉತ್ತರ ಹೇಳುವ ರೂಢಿ ನನಗಿಲ್ಲ. ಹಾಗಾಗಿ ಅವನಿಗೆ ಒಬ್ಬ ನ್ಯಾಯಮೂರ್ತಿಯ ಕಥೆ ಹೇಳಿದೆ. ಅದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಅವರು ಕೌಡೂರು ಸದಾನಂದ ಹೆಗ್ಡೆ. ಎಲ್ಲರೂ ಕರೆಯುವುದು ಕೆ.ಎಸ್. ಹೆಗ್ಡೆ ಎಂದು. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರ ಜೂನ್ 11ರಂದು ಹುಟ್ಟಿದರು. ಮಂಗಳೂರಿನಲ್ಲಿ, ಮದರಾಸಿನಲ್ಲಿ ಓದಿ ವಕೀಲರಾದರು. ಸರ್ಕಾರಿ ವಕೀಲರಾಗಿ ದುಡಿದರು. 1952ರಲ್ಲಿ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಹೈಕೋರ್ಟ್ ಎಂದರೇನು ಎಂದು ಚಿಕ್ಕವರು ಕೇಳಬಹುದು. ನಮ್ಮ ಹಿಡಕಲ್ಲಿನ ರೈತನೊಬ್ಬನಿಗೆ ಹೊಲದ ತಂಟೆ ಬಂತು ಎನ್ನಿ. ಮೊದಲು ಹುಕ್ಕೇರಿ ಕೋರ್ಟಿಗೆ ಹೋಗುತ್ತಾನೆ. ಅಲ್ಲಿಯ ತೀರ್ಪು ತಪ್ಪೆನಿಸಿದರೆ ಬೆಳಗಾವಿಗೆ ಮೇಲ್ಮನವಿ. ಅದಕ್ಕೂ ಮೇಲೆ ಹೈಕೋರ್ಟು. ಮೊದಲು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು. 2008ರಿಂದ ನಮಗೆ ಧಾರವಾಡದಲ್ಲೇ ಅದರ ಪೀಠವಿದೆ. ಎಲ್ಲಕ್ಕೂ ಮೇಲೆ ದಿಲ್ಲಿಯ ಸುಪ್ರೀಂ ಕೋರ್ಟು. ಬ್ಯಾಂಕಿನಲ್ಲಿ ಗುಮಾಸ್ತ ಬರೆದದ್ದನ್ನು ಅಧಿಕಾರಿ ನೋಡುತ್ತಾರೆ, ಅಧಿಕಾರಿ ನೋಡಿದ್ದನ್ನು ಆಡಿಟರು ನೋಡುತ್ತಾರೆ. ಹಾಗೆಯೇ ಇದು. ಮನುಷ್ಯ ತಪ್ಪುತ್ತಾನೆ, ಅದಕ್ಕೇ ಮೇಲೊಬ್ಬರು ನೋಡಬೇಕು.

1966ರಲ್ಲಿ ದೆಹಲಿಗೆ ಪ್ರತ್ಯೇಕ ಹೈಕೋರ್ಟ್ ಬಂದಾಗ ಅದರ ಮೊಟ್ಟಮೊದಲ ಮುಖ್ಯ ನ್ಯಾಯಮೂರ್ತಿ ನಮ್ಮ ಕರಾವಳಿಯ ಈ ಹೆಗ್ಡೆಯವರೇ. ಮರುವರ್ಷ ಸುಪ್ರೀಂ ಕೋರ್ಟಿಗೆ ಬಂದರು.

ನಮ್ಮಂಥ ಬ್ಯಾಂಕಿನವರಿಗೆ ಅವರ ಕಾಲ ನೆನಪಿರುವುದು ಇನ್ನೊಂದು ಕಾರಣಕ್ಕೆ. 1969ರ ಜುಲೈ 19ರಂದು ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಆ ಕಾನೂನನ್ನು 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 11 ನ್ಯಾಯಮೂರ್ತಿಗಳಲ್ಲಿ ಹೆಗ್ಡೆಯವರೂ ಸೇರಿ 10 ಮಂದಿ ಒಂದು ಕಡೆ. ಸರ್ಕಾರದ ಕಾನೂನು ಸರಿ ಎಂದವರು ಒಬ್ಬರೇ, ಎ.ಎನ್. ರೇ. ಸರ್ಕಾರ ಕೆಲವೇ ದಿನಗಳಲ್ಲಿ ತಪ್ಪು ತಿದ್ದಿ ಹೊಸದಾಗಿ ಆದೇಶ ತಂದಿತು, ಬ್ಯಾಂಕುಗಳು ಸರ್ಕಾರದ್ದಾಗಿಯೇ ಉಳಿದವು. ಆದರೆ ರೇ ಅವರ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಮುಂದೆ ಬಂತು ಕೇಶವಾನಂದ ಭಾರತಿ ಮೊಕದ್ದಮೆ. ಕಾಸರಗೋಡಿನ ಹತ್ತಿರ ಎಡನೀರು ಎಂಬ ಊರಿದೆ. ಕೇರಳದಲ್ಲಿದ್ದರೂ ಕನ್ನಡದ, ಯಕ್ಷಗಾನದ ಊರು. ಅಲ್ಲಿಯ ಮಠದ ಸ್ವಾಮೀಜಿ ಕೇಶವಾನಂದ ಭಾರತಿಯವರು ಮಠದ ಭೂಮಿಯ ವಿಷಯವಾಗಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹೊಲದ ತಂಟೆ ಬೆಳೆಯುತ್ತಾ ಬೆಳೆಯುತ್ತಾ ಇಡೀ ದೇಶದ ಪ್ರಶ್ನೆಯಾಯಿತು: ಸಂಸತ್ತಿನಲ್ಲಿ ಬಹುಮತವಿದ್ದರೆ ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದೇ?

13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದರು ಆ ಏಳು ಮಂದಿ. ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ರೇ ಅವರು ಆ ಆರರಲ್ಲಿ ಒಬ್ಬರು.

ಇದು ಮೊಮ್ಮಗನಿಗೆ ತಿಳಿಯಲಿಲ್ಲ. ನಾನು ಅಣೆಕಟ್ಟಿನ ಕಡೆ ಕೈ ತೋರಿಸಿದೆ. "ಮಳೆ ಜೋರಾದರೆ ಗೇಟು ಎತ್ತುತ್ತಾರೆ. ಬೇಸಿಗೆಗೆ ಕಾಲುವೆಗೆ ನೀರು ಬಿಡುತ್ತಾರೆ. ತುಕ್ಕು ಹಿಡಿದರೆ ಬಣ್ಣ ಬಳಿಯುತ್ತಾರೆ. ಅದೆಲ್ಲ ಮಾಡುವ ಅಧಿಕಾರ ಅವರಿಗಿದೆ. ಆದರೆ 51 ಟಿಎಂಸಿ ನೀರು ತಡೆದು ನಿಂತ ಗೋಡೆಯ ಬುಡವನ್ನೇ ಅಗೆಯುತ್ತೇವೆ ಅಂದರೆ?"

"ಗೋಕಾಕದತನಾ ಹರಕೊಂಡು ಹೊಕ್ಕೈತಿ!" ಎಂದ. ಅಷ್ಟು ತಿಳಿದರೆ ಸಾಕು.

ತೀರ್ಪು ಬಂದ ಮರುದಿನವೇ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ಕೊನೆಯ ದಿನ. ಅವರ ನಂತರದ ಹಿರಿಯರು ಶೆಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ನಾಲ್ಕನೆಯವರು ರೇ. ಹಿರಿತನದ ಪ್ರಕಾರ ಕುರ್ಚಿ ಹೋಗುವುದು ಅಂದಿನವರೆಗಿನ ಪದ್ಧತಿ. ಸರ್ಕಾರ ಮೂವರನ್ನೂ ದಾಟಿ ರೇ ಅವರನ್ನು ನೇಮಿಸಿತು. ದಾಟಿಸಲ್ಪಟ್ಟ ಮೂವರೂ ಆ ಏಳರಲ್ಲಿದ್ದವರು. ಹಿರಿತನವೊಂದೇ ಮುಖ್ಯವಲ್ಲ, ದೇಶದ ಬಗ್ಗೆ ನ್ಯಾಯಾಧೀಶರ ದೃಷ್ಟಿಕೋನವೂ ಮುಖ್ಯ ಎಂದು ಸರ್ಕಾರ ಸಂಸತ್ತಿನಲ್ಲಿ ಸಮರ್ಥಿಸಿಕೊಂಡಿತು.

ನಾನಾಗ ಬಿ.ಕಾಂ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಹಿಡಕಲ್ಲಿನಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಕೂಲಿಯವರು ಚಹಾ ಕುಡಿಯುವ ಅಂಗಡಿಯ ರೇಡಿಯೋದಲ್ಲಿ ಈ ಸುದ್ದಿ ಕೇಳಿದೆ. ಸುತ್ತ ಕೂತವರಲ್ಲಿ ಯಾರಿಗೂ ಅದು ದೊಡ್ಡದೆನಿಸಲಿಲ್ಲ, ನನಗೂ ಅನಿಸಲಿಲ್ಲ.

ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟಿನಿಂದ ಹೊರಬಂದರು. ಭಾರತದ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಅವರಿಗೆ ಸಿಗಲೇ ಇಲ್ಲ.

"ಹಂಗಾರ ಅವರಿಗೂ ಲುಕ್ಸಾನ ಆತು" ಎಂದ ಮೊಮ್ಮಗ.

ಆಯಿತು. ಆಗಲಿಲ್ಲ ಎಂದು ನಾನು ಸುಳ್ಳು ಹೇಳಲಿಲ್ಲ. ಆದರೆ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಬದಿಯೂ ಇರುತ್ತದೆ. 1977ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದರು, ಅದೇ ವರ್ಷ ಜುಲೈನಲ್ಲಿ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಶುರು ಮಾಡಿದರು. 1990ರಲ್ಲಿ ತೀರಿಕೊಂಡರು. ಅವರ ಮಗ ಸಂತೋಷ್ ಹೆಗ್ಡೆಯವರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ನಂತರ ನಮ್ಮ ರಾಜ್ಯದ ಲೋಕಾಯುಕ್ತರಾಗಿ ಹೆಸರಾದರು.

ಇದೆಲ್ಲಕ್ಕಿಂತ ದೊಡ್ಡ ಜಮೆ ಬೇರೆಯೇ ಇದೆ. ಮೂಲ ರಚನೆಯ ಆ ತೀರ್ಪು 50 ವರ್ಷ ದಾಟಿದರೂ ಇಂದಿಗೂ ನಿಂತಿದೆ. 1977ರಲ್ಲಿ ಎಚ್.ಆರ್. ಖನ್ನಾ ಅವರನ್ನೂ ಹೀಗೆಯೇ ದಾಟಿಸಿದರು. ಅಲ್ಲಿಂದ ಮುಂದೆ ಯಾವ ಸರ್ಕಾರವೂ ಹಿರಿಯರನ್ನು ದಾಟಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿಲ್ಲ.

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಆದರೆ ಹುಡುಗ ಬಿಡಲಿಲ್ಲ. "ಅಜ್ಜಾ, ನಿಮ್ಮ ಬ್ಯಾಂಕಿನಾಗ ಹಿಂಗ ಆಗಿತ್ತಾ?"

ಆಗಿತ್ತು. ನಾನಿದ್ದ ಒಂದು ಶಾಖೆಯಲ್ಲಿ ನನಗಿಂತ ಹಿರಿಯ ಗುಮಾಸ್ತರೊಬ್ಬರಿದ್ದರು. ಕಾಗದಪತ್ರ ಸರಿಯಿಲ್ಲದ ಒಂದು ಸಾಲದ ಅರ್ಜಿಗೆ ಅವರು ಸಹಿ ಹಾಕಲು ಒಪ್ಪಲಿಲ್ಲ. ಆ ವರ್ಷದ ಬಡ್ತಿ ಅವರನ್ನು ದಾಟಿ ಹೋಯಿತು. ಏಕೆ ಎಂದು ನಮಗೆಲ್ಲರಿಗೂ ಗೊತ್ತಿತ್ತು. ಮರುದಿನ ಚಹಾದ ಹೊತ್ತಿಗೆ ಅವರು ಬೆಂಚಿನ ತುದಿಯಲ್ಲಿ ಒಬ್ಬರೇ ಕುಳಿತಿದ್ದರು. ನಾವು ಐದಾರು ಮಂದಿ ಬಾಗಿಲ ಬಳಿ ನಿಂತು ಕುಡಿದೆವು.

"ನೀ ಏನಂದಿ?"

"ಏನೂ ಅನ್ನಲಿಲ್ಲ."

ಮನೆ, ಮಕ್ಕಳು, ವರ್ಗಾವಣೆಯ ಭಯ ಎಂದು ಕಾರಣ ಹೇಳಬಹುದಿತ್ತು, ಅವು ಸುಳ್ಳೂ ಅಲ್ಲ. ಎಲ್ಲರಿಗೂ ರಾಜೀನಾಮೆ ಕೊಡಲಾಗುವುದಿಲ್ಲ. ಆದರೆ ಅವರ ಪಕ್ಕ ಕುಳಿತು ಚಹಾ ಕುಡಿಯಲು ಯಾವ ಧೈರ್ಯ ಬೇಕಿತ್ತು? ಅವರು ಈಗಿಲ್ಲ. ಆ ಬಾಕಿ ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ. ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ಹೊರನಡೆದರು ಎಂದು ಓದುವಾಗಲೆಲ್ಲ ನನಗೆ ಆ ಬೆಂಚು ಕಾಣುತ್ತದೆ.

ಮೊಮ್ಮಗ ಏನೂ ಹೇಳಲಿಲ್ಲ. ರೊಟ್ಟಿ ಮುರಿದು ತಿಂದ. ಸ್ವಲ್ಪ ಹೊತ್ತಿಗೆ ಅವನ ತಂಡದ ಇಬ್ಬರು ಹುಡುಗರು ಬಾಗಿಲಿಗೆ ಬಂದು ಕರೆದರು. ಚಡ್ಡಿಯ ಧೂಳು ಕೊಡವಿ ಎದ್ದು ಓಡಿದ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಖರೇ ಹೇಳಿ ಸರದಿ ಕಳೆದುಕೊಂಡವರು ಯಾರಾದರೂ ಇದ್ದರೆ ಸೋಮವಾರ ಡಬ್ಬಿ ಬಿಚ್ಚುವಾಗ ಅವರ ಪಕ್ಕ ಕೂರಿ. ಅಜ್ಜ ಅಜ್ಜಿಯರೇ, ನಿಮ್ಮ ಲೆಕ್ಕದಲ್ಲೂ ಇಂಥ ಬಾಕಿ ಇದ್ದರೆ ಮೊಮ್ಮಕ್ಕಳಿಗೆ ಮುಚ್ಚಿಡಬೇಡಿ.

ಮುಂದಿನ ವಾರ ಮತ್ತೆ ಕೂಡೋಣ.