ಹತ್ತಿಯ ಎಳೆಯೊಳಗಿನ ಪಂಚಾಂಗ

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕಡು ನೀಲಿ ಹತ್ತಿ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ ತಪಾಸಣೆ ಮಾಡುವಾಗ ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ಬಣ್ಣ ಹಾಕಿದವರನ್ನು ದೂರುವುದು ರೂಢಿ. ಆದರೆ ಇಂಥ ಎಷ್ಟೋ ಚುಕ್ಕೆಗಳು ಹೊಲದಿಂದಲೇ ಬಂದವು. ಬಲಿಯದ ಎಳೆಗಳು ಗಂಟುಕಟ್ಟಿಕೊಂಡು ನೂಲಿನೊಳಗೆ ಸೇರಿರುತ್ತವೆ. ಅವು ಬಣ್ಣವನ್ನು ಸರಿಯಾಗಿ ಹೀರುವುದಿಲ್ಲ. ಎಳೆ ಬಲಿಯದಿರಲು ಇರುವ ಕಾರಣಗಳಲ್ಲಿ ಒಂದು, ತಡವಾದ ಬಿತ್ತನೆ.

ಹತ್ತಿಯ ಎಳೆ ಎಂದರೆ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಹೂವರಳಿದ ಮೇಲೆ ಸುಮಾರು ಮೂರು ವಾರ ಅದು ಒಳಗಿನ ನೀರಿನ ಒತ್ತಡದಿಂದ ಉದ್ದಕ್ಕೆ ಬೆಳೆಯುತ್ತದೆ. ಆಗ ಭೂಮಿಯಲ್ಲಿ ತೇವ ಸಾಲದಿದ್ದರೆ ಎಳೆ ಗಿಡ್ಡವಾಗುತ್ತದೆ. ಮುಂದಿನ ಮೂರು–ನಾಲ್ಕು ವಾರ ಕೊಳವೆಯ ಒಳಗೋಡೆಗೆ ಸೆಲ್ಯುಲೋಸ್ ದಿನಕ್ಕೊಂದು ಪದರದಂತೆ ಮೆತ್ತಿಕೊಳ್ಳುತ್ತ ಹೋಗುತ್ತದೆ. ರಾತ್ರಿ ಚಳಿ ಹೆಚ್ಚಾದರೆ ಈ ಕೆಲಸ ನಿಧಾನವಾಗುತ್ತದೆ. ಗೋಡೆ ತೆಳುವಾಗಿ ಉಳಿದ ಎಳೆ, ಕಾಯಿ ಒಡೆದು ಒಣಗಿದಾಗ, ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಚಪ್ಪಟೆಯಾಗುತ್ತದೆ. ಅರಳೆಯ ತೂಕವೆಂದರೆ ಬಹುಪಾಲು ಈ ಸೆಲ್ಯುಲೋಸಿನ ತೂಕವೇ. ಹಾಗಾಗಿ ಕಾರ್ಖಾನೆಗಿಂತ ಮೊದಲೇ, ತಕ್ಕಡಿಯ ಮುಂದೆ ನಿಂತ ರೈತನಿಗೆ ನಷ್ಟ.

ಈಗ ಮಳೆ ನಕ್ಷತ್ರಗಳ ಲೆಕ್ಕ ಹಾಕಿ. ಧಾರವಾಡ, ಹಾವೇರಿ ಕಡೆ ಮಳೆಯಾಶ್ರಯದ ಹೈಬ್ರಿಡ್ ಹತ್ತಿಯನ್ನು ಮೃಗಶಿರ, ಆರಿದ್ರ ಮಳೆಗಳಿಗೆ, ಅಂದರೆ ಜೂನ್–ಜುಲೈನಲ್ಲಿ ಬಿತ್ತುತ್ತಾರೆ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ. ಎರೆಭೂಮಿಯಲ್ಲಿ ಇನ್ನೂ ಹಸಿ ಇರುವಾಗಲೇ ಎಳೆ ಉದ್ದವಾಗಿ, ಚಳಿ ಬಲಿಯುವ ಮೊದಲು ಗೋಡೆ ಕಟ್ಟಿಕೊಳ್ಳುತ್ತದೆ. ಅದೇ ಬೀಜ ಆಗಸ್ಟ್ ನಡುವೆ ಮಣ್ಣಿಗೆ ಬಿದ್ದರೆ ಹೂ ಅಕ್ಟೋಬರ್ ನಡುವೆ. ಕಾಯಿಗಳ ಸಂಖ್ಯೆ ಇಳಿಯುತ್ತದೆ. ಮೇಲಿನ ಕಾಯಿಗಳು ಡಿಸೆಂಬರಿನ ಚಳಿಗೆ, ಒಣಗಿದ ನೆಲಕ್ಕೆ ಸಿಕ್ಕುತ್ತವೆ.

ಹಾಗಾದರೆ ಎಷ್ಟು ಬೇಗ ಬಿತ್ತಿದರೆ ಅಷ್ಟು ಒಳ್ಳೆಯದೆ? ಅದೂ ಇಲ್ಲ. ತೀರ ಬೇಗ ಬಿತ್ತಿದರೆ ಕಾಯಿ ಒಡೆಯುವ ಹೊತ್ತಿಗೆ ಹಸ್ತ, ಚಿತ್ತ ಮಳೆ ಹಿಡಿದು ಅರಳೆ ಕಲೆಗಟ್ಟುತ್ತದೆ, ಕಾಯಿ ಕೊಳೆಯುತ್ತದೆ. ಇನ್ನೊಂದು ಕಾಟ ಗುಲಾಬಿ ಕಾಯಿಕೊರಕ. ಹಳೆಯ ಕಾಯಿಗಳಲ್ಲಿ ನಿದ್ದೆಗೆ ಬಿದ್ದ ಹುಳು ಪತಂಗವಾಗಿ ಹೊರಬಂದಾಗ ಮೊಗ್ಗಿಲ್ಲದಿದ್ದರೆ ಅದರ ಸಂತಾನ ಉಪವಾಸ ಸಾಯುತ್ತದೆ. ಬೇಗ ಬಿತ್ತಿದ ಒಂದು ಹೊಲ ಅದಕ್ಕೆ ಊಟ ಬಡಿಸಿ ಊರಿಗೆಲ್ಲ ಹಂಚುತ್ತದೆ. ಊರಿನವರೆಲ್ಲ ಒಂದೇ ವಾರದೊಳಗೆ ಬಿತ್ತಬೇಕೆಂಬ ಮಾತು ಬಂದದ್ದು ಇದಕ್ಕೇ. ಮಳೆ ಹಾಗೆ ಒಪ್ಪಿಕೊಳ್ಳಬೇಕಲ್ಲ!

ಧಾರವಾಡ–ಗದಗ ಸೀಮೆಯ ಹಳೆಯ ಜಯಧರ ತಳಿಯನ್ನು ಆಗಸ್ಟ್–ಸೆಪ್ಟೆಂಬರಿನಲ್ಲೇ ಬಿತ್ತುತ್ತಿದ್ದರು. ಅದಕ್ಕೇಕೆ ತಡವಾಗುತ್ತಿರಲಿಲ್ಲ? ಅದು ದೀರ್ಘಾವಧಿಯ ದೇಸಿ ಹತ್ತಿ. ಬೇರು ಆಳಕ್ಕೆ ಇಳಿದು ಉಳಿದ ಹಸಿಯನ್ನು ಹುಡುಕುತ್ತದೆ. ಕಾಯಿ ಬಲಿಯುವುದು ಚಳಿ ಕಳೆದು ಬಿಸಿಲು ಏರಿದ ಮೇಲೆ. ಎಳೆ ಗಿಡ್ಡ, ಒರಟು, ಆದರೆ ಬಲಿತದ್ದು. ಬಿತ್ತುವ ದಿನವನ್ನು ತಳಿಯಿಂದ ಬೇರ್ಪಡಿಸಿ ಹೇಳುವ ಸಲಹೆ ಅರ್ಧ ಸಲಹೆ ಮಾತ್ರ.

ಗಿರಣಿಯವರು ಇದನ್ನು ಅಳೆಯುವುದು ಮೈಕ್ರೋನೇರ್‌ನಿಂದ. ತೂಗಿದ ಅರಳೆಯ ಮುದ್ದೆಯ ಮೂಲಕ ಗಾಳಿ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಲೆಕ್ಕ ಅದು. ಮಧ್ಯಮ ಎಳೆಯ ಹತ್ತಿಗೆ ಸುಮಾರು 3.5ರಿಂದ 4.9 ಒಪ್ಪಿತ. ಅದಕ್ಕಿಂತ ಕಡಿಮೆ ಬಂದರೆ ಬಲಿತಿಲ್ಲವೆಂಬ ಅನುಮಾನ. ಇಲ್ಲೊಂದು ತೊಡಕಿದೆ: ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ (1972), ಡಿ.ಸಿ.ಎಚ್.–32 (1981) ತಳಿಗಳ ಎಳೆ ಹುಟ್ಟಿನಿಂದಲೇ ನಯ. ಅವುಗಳ ಅಂಕೆ ಕಡಿಮೆ ಬಂದ ಮಾತ್ರಕ್ಕೆ ಹತ್ತಿ ಕೆಟ್ಟದ್ದಲ್ಲ.

ಸರಿಯಾದ ಹದದಲ್ಲಿ ಬಿತ್ತಿದ ಗಿಡದಲ್ಲೂ ಕೆಳಗಿನ ಕಾಯಿ ಬೆಚ್ಚಗೆ ಬಲಿತಿದ್ದರೆ ತುದಿಯ ಕಾಯಿ ಚಳಿಯಲ್ಲಿ ಬಲಿತಿರುತ್ತದೆ. ಮೊದಲು ಬಿಡಿಸಿದ್ದನ್ನೂ ಕೊನೆಗೆ ಬಿಡಿಸಿದ್ದನ್ನೂ ಒಂದೇ ಅಂಡಿಗೆಗೆ ತುಂಬಿದರೆ ಜಿನ್ನಿನಲ್ಲಿ ಅವನ್ನು ಮತ್ತೆ ಬೇರ್ಪಡಿಸುವ ಯಂತ್ರವಿಲ್ಲ.