ಸೊಂಟನೋವಿಗೆ ಆಪರೇಷನ್: ಫಿಲಂ ನೋಡಿ ಆಗುವ ತೀರ್ಮಾನವಲ್ಲ

ಜಿಲ್ಲಾ ಕೇಂದ್ರದ ಯಾವುದೇ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಸಂಜೆ ಹೊತ್ತು ಹೋದರೂ, ಬೆಂಚಿನ ಮೇಲೆ ಕೂತವರಲ್ಲಿ ನಾಲ್ಕಾರು ಜನರ ಕೈಯಲ್ಲಿ ಎಂಆರ್‌ಐ ಸೆಂಟರಿನ ದೊಡ್ಡ ಕವರು ಇದ್ದೇ ಇರುತ್ತದೆ. ಒಳಗಿನ ವರದಿಯ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ಎಲ್4–ಎಲ್5ರಲ್ಲಿ ಡಿಸ್ಕ್ ಉಬ್ಬಿದೆ, ಎಲ್5–ಎಸ್1ರಲ್ಲಿ ಸವೆದಿದೆ, ನರದ ಬೇರಿಗೆ ತಾಗುತ್ತಿದೆ. ಮನೆಗೆ ಬರುವಷ್ಟರಲ್ಲಿ ಅದು ‘ಗ್ಯಾಪ್ ಬಂದಿದೆಯಂತೆ, ನರ ಒತ್ತಿದೆಯಂತೆ’ ಎಂದಾಗಿರುತ್ತದೆ. ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷ. ‘ಬೆನ್ನಿಗೆ ಕತ್ತರಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತೆ ಕಣಪ್ಪ’ ಎನ್ನುವ ದೊಡ್ಡಮ್ಮ ಒಂದು ಕಡೆ. ‘ಈಗಲೇ ಮಾಡಿಸದಿದ್ದರೆ ಮುಂದೆ ಹಾಸಿಗೆ ಹಿಡೀಬೇಕಾಗುತ್ತೆ’ ಎನ್ನುವ ಭಾವ ಇನ್ನೊಂದು ಕಡೆ. ಇಬ್ಬರಿಗೂ ಆಧಾರ ಆ ಫಿಲಂ. ತೊಡಕಿರುವುದೂ ಅಲ್ಲೇ.

1994ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಬಂತು. ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನಿಗೆ ಎಂಆರ್‌ಐ ಮಾಡಿಸಲಾಗಿತ್ತು. ಅವರಲ್ಲಿ ಶೇ 52ರಷ್ಟು ಮಂದಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಶೇ 27ರಷ್ಟು ಮಂದಿಗೆ ಡಿಸ್ಕ್ ಹೊರಚಾಚಿತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ 36 ಮಾತ್ರ. ಇಂಥ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೋವಿಲ್ಲದವರಲ್ಲೂ ಡಿಸ್ಕ್ ಸವೆತ ಇಪ್ಪತ್ತರ ವಯಸ್ಸಿನಲ್ಲಿ ಶೇ 37, ಎಂಬತ್ತರಲ್ಲಿ ಶೇ 96 ಕಂಡಿತು. ತಲೆ ನರೆತಂತೆ ಬೆನ್ನೂ ನರೆಯುತ್ತದೆ. ಐವತ್ತು ದಾಟಿದವರ ವರದಿಯಲ್ಲಿ ಏನೂ ಬರೆದಿಲ್ಲವೆಂದರೆ ಅದೇ ಆಶ್ಚರ್ಯ.

ಹಾಗಾದರೆ ನೋಡಬೇಕಾದದ್ದು ಏನನ್ನು? ಒಳ್ಳೆಯ ಡಾಕ್ಟರು ಕವರು ಬಿಚ್ಚುವ ಮೊದಲು ರೋಗಿಯನ್ನು ಮಂಚದ ಮೇಲೆ ಮಲಗಿಸುತ್ತಾರೆ. ಹಿಮ್ಮಡಿಗೆ ಕೈಯಿಟ್ಟು, ಮಂಡಿ ಮಡಚದಂತೆ ಕಾಲನ್ನು ನಿಧಾನ ಮೇಲೆತ್ತುತ್ತಾರೆ. ಅರ್ಧ ದಾರಿಯಲ್ಲೇ ತೊಡೆಯ ಹಿಂಭಾಗದಿಂದ ಮೀನಖಂಡ ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ನೋವು ಇಳಿದರೆ ಅದು ನರದ ಮಾತು. ಆಮೇಲೆ, ‘ಯಜಮಾನ್ರೇ, ಹೆಬ್ಬೆರಳು ಮೇಲಕ್ಕೆ ಎಳ್ಕೊಳ್ಳಿ, ನಾನು ಒತ್ತಿದ್ರೂ ಬಿಡಬೇಡಿ’ ಎನ್ನುತ್ತಾರೆ. ಬೆರಳು ಸೋತು ಕೆಳಗೆ ಬಂತೋ, ತಡೆದು ನಿಂತಿತೋ? ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಲಾಗುತ್ತದೆಯೋ? ಮೂತ್ರ ಸರಿಯಾಗಿ ಹೋಗುತ್ತಿದೆಯೋ? ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಆಪರೇಷನ್ ಬೇಕೋ ಬೇಡವೋ ಎಂಬ ತೀರ್ಮಾನದ ಬಹುಪಾಲು ಈ ಐದು ನಿಮಿಷದಲ್ಲಿದೆ. ಫಿಲಂ ಬೇಕಾಗುವುದು ಇಲ್ಲಿ ಕಂಡದ್ದನ್ನು ತಾಳೆ ನೋಡಲು. ಆಪರೇಷನ್ ಗೊತ್ತಾದ ಮೇಲೆ ಎಲ್ಲಿ ಕೈಯಿಡಬೇಕೆಂದು ಗುರುತಿಸಲು.

ಚರ್ಚೆಗೆ ಅವಕಾಶವೇ ಇಲ್ಲದ ಕೆಲವು ಸಂದರ್ಭಗಳಿವೆ. ಕೂರುವ ಜಾಗದಲ್ಲಿ, ಜನನಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ, ಮಲದ ಮೇಲಿನ ಹಿಡಿತ ತಪ್ಪಿದರೆ ಅದು ತುರ್ತು. 48 ಗಂಟೆಯೊಳಗೆ ನರದ ಮೇಲಿನ ಒತ್ತಡ ತೆಗೆಯಬೇಕೆಂಬುದು ಬಹುಕಾಲದ ಲೆಕ್ಕ. ಅದಕ್ಕಿಂತ ಬೇಗ ಆದಷ್ಟೂ ಮೇಲು. ಪಾದ ಎತ್ತಲಾಗದೆ ಚಪ್ಪಲಿ ಎಳೆದು ನಡೆಯುವಂತಾಗಿ, ಆ ಬಲಹೀನತೆ ದಿನದಿಂದ ದಿನಕ್ಕೆ ಏರುತ್ತಿದ್ದರೂ ಎಣ್ಣೆ ಹಚ್ಚಿಸಿಕೊಂಡು ಕಾಯುವುದು ಅಪಾಯ. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಆದರೆ ಅದೂ ಹೆಚ್ಚಿನವರಲ್ಲಿ ಔಷಧದಿಂದಲೇ ವಾಸಿಯಾಗುವ ಕಾಯಿಲೆ. ಎಲ್ಲರಿಗೂ ಔಷಧ, ಅದಕ್ಕೆ ಬಗ್ಗದವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ‘ಮಧ್ಯಮ ಮಾರ್ಗ’ವನ್ನು 1970ರ ದಶಕದಲ್ಲಿ ಜಗತ್ತಿಗೆ ಹೇಳಿಕೊಟ್ಟವರು ವಾರಾಣಸಿಯ ಡಾ. ಎಸ್.ಎಂ. ತುಲಿ.

ಇನ್ನು ನಿಜವಾಗಿ ಯೋಚಿಸಬೇಕಾದ ಗುಂಪು: ಡಿಸ್ಕ್ ಜಾರಿ, ಸಯಾಟಿಕಾ ಶುರುವಾಗಿ, ನೋವು ಮಂಡಿಯ ಕೆಳಗಿಳಿದು ರಾತ್ರಿ ನಿದ್ದೆ ಕೆಡಿಸುತ್ತಿದೆ, ಆದರೆ ಕಾಲಿನ ಬಲ ಇನ್ನೂ ಉಳಿದಿದೆ. ಇಂಥವರ ಬಗ್ಗೆ ನೆದರ್ಲೆಂಡ್ಸಿನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಿಂತ ಹೆಚ್ಚು ಉಪಯೋಗದ್ದನ್ನು ನಾನು ಓದಿಲ್ಲ. ಆರರಿಂದ ಹನ್ನೆರಡು ವಾರ ತೀವ್ರ ನೋವು ಉಂಡ 283 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವ ಚಿಕಿತ್ಸೆ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ‘ವಾಸಿಯಾಗಿದೆ’ ಎಂದರು. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಆಪರೇಷನ್ ಗುಂಪಿನ ನಡುಮಟ್ಟದ ರೋಗಿ ನಾಲ್ಕು ವಾರಕ್ಕೆ ಚೇತರಿಸಿಕೊಂಡ, ಕಾದವನಿಗೆ ಹನ್ನೆರಡು ವಾರ ಹಿಡಿಯಿತು. ಕಾಯುವ ಗುಂಪಿನಲ್ಲೂ ಶೇ 39 ಮಂದಿ ನೋವು ತಾಳದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡರೆಂಬುದನ್ನೂ ಸೇರಿಸಿ ಓದಬೇಕು.

ಅಮೆರಿಕದ 13 ಕೇಂದ್ರಗಳಲ್ಲಿ ನಡೆದ ‘ಸ್ಪೋರ್ಟ್’ ಎಂಬ ದೊಡ್ಡ ಅಧ್ಯಯನದಲ್ಲಂತೂ ರೋಗಿಗಳು ಸಂಶೋಧಕರ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಆಪರೇಷನ್ ಎಂದು ನಿಗದಿಯಾದವರಲ್ಲಿ ಮೂರು ತಿಂಗಳೊಳಗೆ ಮಾಡಿಸಿಕೊಂಡವರು ಅರ್ಧ ಮಾತ್ರ. ಬೇಡವೆಂದು ನಿಗದಿಯಾದವರಲ್ಲಿ ಶೇ 30 ಮಂದಿ ಅಷ್ಟರಲ್ಲೇ ಟೇಬಲ್ ಹತ್ತಿದ್ದರು. ನೋವು ಇಳಿದವರು ಹಿಂದೆ ಸರಿದರು, ತಡೆಯಲಾಗದವರು ಮುಂದೆ ಬಂದರು. ವಿಜ್ಞಾನದ ದೃಷ್ಟಿಯಿಂದ ಇದು ತಲೆನೋವು. ನನಗೆ ಕಾಣುವಂತೆ ಜನ ಸರಿಯಾಗಿಯೇ ನಡೆದುಕೊಂಡಿದ್ದರು.

ಕಾಯುವುದಕ್ಕೂ ಮಿತಿಯಿದೆ. ನಾಲ್ಕರಿಂದ ಹನ್ನೆರಡು ತಿಂಗಳು ಸಯಾಟಿಕಾ ಅನುಭವಿಸಿದ 128 ಮಂದಿಯ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2020ರಲ್ಲಿ ಬಂತು. ಹತ್ತರ ಅಳತೆಯಲ್ಲಿ ಸುಮಾರು ಎಂಟರಷ್ಟಿದ್ದ ಕಾಲುನೋವು ಆರು ತಿಂಗಳ ಬಳಿಕ ಆಪರೇಷನ್ ಆದವರಲ್ಲಿ 2.8ಕ್ಕೆ ಇಳಿಯಿತು, ಕಾಯ್ದವರಲ್ಲಿ 5.2ಕ್ಕೆ ನಿಂತಿತು. ಡಚ್ ಮತ್ತು ಕೆನಡಾದ ಅಧ್ಯಯನಗಳೆರಡನ್ನೂ ಕೂಡಿಸಿ ನೋಡಿದರೆ ಹಾದಿ ಸಾಕಷ್ಟು ಸ್ಪಷ್ಟ. ಮೊದಲ ಆರು ವಾರ ಕತ್ತರಿಯ ಮಾತೇ ಬೇಡ. ಆಮೇಲೂ ಇಳಿಮುಖವಾಗಿದ್ದರೆ ಕಾಯಬಹುದು. ನಾಲ್ಕು ತಿಂಗಳಾದರೂ ಜಗ್ಗದಿದ್ದರೆ ‘ಆಪರೇಷನ್ ಮಾತ್ರ ಬೇಡ’ ಎಂಬ ಹಟ ರೋಗಿಗೆ ನಷ್ಟ. ಇನ್ನೊಂದು ಸೋಜಿಗ: ಫಿಲಮಿನಲ್ಲಿ ಭಯಂಕರವಾಗಿ ಕಾಣುವ, ಒಡೆದು ಹೊರಬಿದ್ದ ಡಿಸ್ಕಿನ ತುಂಡನ್ನು ದೇಹ ತಾನೇ ಕರಗಿಸಿಕೊಳ್ಳುವ ಸಂಭವ ಹೆಚ್ಚು, ಸುಮ್ಮನೆ ಉಬ್ಬಿದ ಡಿಸ್ಕ್ ಹಾಗೇ ಉಳಿಯುವುದೇ ಹೆಚ್ಚು.

ಕಾಲಿಗೆ ಇಳಿಯದೆ ಸೊಂಟದಲ್ಲೇ ಕೂತ ಹಳೆಯ ನೋವಿನ ಕಥೆ ಬೇರೆ. ಇಲ್ಲಿ ಸೂಚಿಸುವುದು ಎರಡು ಮೂಳೆಗಳನ್ನು ಸ್ಕ್ರೂ, ರಾಡು ಹಾಕಿ ಬೆಸೆಯುವ ಫ್ಯೂಷನ್. ಬ್ರಿಟನ್ನಿನಲ್ಲಿ 349 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಕಟ್ಟುನಿಟ್ಟಾದ ವ್ಯಾಯಾಮ ಶಿಬಿರದೊಂದಿಗೆ ಹೋಲಿಸಿತು. ಎರಡು ವರ್ಷದ ಕೊನೆಗೆ, ಬೆಸೆಯುವುದೇ ಮೇಲೆನ್ನಲು ಸ್ಪಷ್ಟ ಪುರಾವೆ ಸಿಗಲಿಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ‘ನೈಸ್’ ಸಂಸ್ಥೆ, ಬರಿಯ ಸೊಂಟನೋವಿಗೆ ಸಂಶೋಧನೆಯ ಭಾಗವಾಗಿಯಲ್ಲದೆ ಫ್ಯೂಷನ್ ಮಾಡಬೇಡಿ ಎಂದೇ ಬರೆಯಿತು. ವಯಸ್ಸಾದವರಲ್ಲಿ ನರದ ದಾರಿ ಕಿರಿದಾಗಿ, ನೂರು ಹೆಜ್ಜೆಗೊಮ್ಮೆ ಕೂರಬೇಕಾಗುವ ಸ್ಥಿತಿಯಲ್ಲಿ ಜಾಗ ಬಿಡಿಸುವ ಆಪರೇಷನ್ನಿನಿಂದ ಎಷ್ಟೋ ಜನರಿಗೆ ಅನುಕೂಲವಾಗುತ್ತದೆ. ಅದರ ಜೊತೆಗೆ ಸ್ಕ್ರೂ ಹಾಕುವುದರಿಂದ ಹೆಚ್ಚಿನ ಲಾಭವಿಲ್ಲ ಎಂದದ್ದು 247 ಮಂದಿಯನ್ನು ಗಮನಿಸಿದ 2016ರ ಸ್ವೀಡನ್ ಅಧ್ಯಯನ. ಆದ್ದರಿಂದ ‘ಸ್ಕ್ರೂ ಯಾಕೆ ಸಾರ್?’ ಎಂದು ಕೇಳುವುದು ಉದ್ಧಟತನವಲ್ಲ.

ಈ ಚರ್ಚೆಯಲ್ಲಿ ‘ಬುಮ್ರಾ ಮಾಡಿಸ್ಕೊಂಡು ಬೌಲಿಂಗ್ ಮಾಡ್ತಿಲ್ವಾ?’ ಎಂಬ ಮಾತು ಒಮ್ಮೆಯಾದರೂ ಬರುತ್ತದೆ. ನಮ್ಮ ಬೌಲರ್ ಪ್ರಸಿದ್ಧ ಕೃಷ್ಣ ಕೂಡ ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ 2023ರ ಐಪಿಎಲ್ ಆಡಲಾಗದೆ, ಆ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮತ್ತೆ ಬೌಲಿಂಗ್ ಮಾಡಿದರು. ವೇಗದ ಬೌಲರುಗಳ ಬೆನ್ನಿನಲ್ಲಿ ಆಗುವುದು ಮೂಳೆಯ ಸ್ಟ್ರೆಸ್ ಫ್ರಾಕ್ಚರ್. ಅಂಗಡಿಯಲ್ಲಿ ಕೂತು ಸೊಂಟ ಹಿಡಿದವರಿಗೆ ಅದರಿಂದ ಕಲಿಯುವುದು ಏನೂ ಇಲ್ಲ.

‘ಆಪರೇಷನ್ ಇಲ್ಲದ ಚಿಕಿತ್ಸೆ’ ಎಂಬ ಹೆಸರಿನಲ್ಲಿ ನಮ್ಮಲ್ಲಿ ನಡೆಯುವುದರ ಬಗ್ಗೆ ನನಗೆ ಹೆಚ್ಚು ತಕರಾರಿದೆ. ಚೀಟಿಯಲ್ಲಿ ಇರುವುದೇನು? ಹದಿನೈದು ದಿನ ಹಲಗೆಯ ಮೇಲೆ ಮಲಗಿ, ಸೊಂಟಕ್ಕೆ ಬೆಲ್ಟ್, ಕಾಲಿಗೆ ತೂಕ ಕಟ್ಟಿ ಟ್ರ್ಯಾಕ್ಷನ್, ದಿನಾ ಬಂದು ಕರೆಂಟ್ ಶಾಖ, ರಾತ್ರಿಗೆ ಪ್ರೆಗಾಬಲಿನ್ ಮಾತ್ರೆ. ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ 1995ರ ಅಧ್ಯಯನದಲ್ಲಿ ಎರಡೇ ದಿನ ಮಲಗಿದವರು ಕೂಡ, ಎಂದಿನ ಓಡಾಟ ಇಟ್ಟುಕೊಂಡವರಿಗಿಂತ ನಿಧಾನ ಚೇತರಿಸಿಕೊಂಡರು. ಪ್ರೆಗಾಬಲಿನ್ ಸಯಾಟಿಕಾದ ನೋವಿಗೆ ಸಕ್ಕರೆ ಮಾತ್ರೆಗಿಂತ ಮೇಲಲ್ಲ, ತಲೆಸುತ್ತು ಮಾತ್ರ ಹೆಚ್ಚು ಎಂದು 2017ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಹಳೆಯ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಬೆಲ್ಟು, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ ಮೂರನ್ನೂ ವಾಡಿಕೆಯಾಗಿ ಕೊಡಬೇಡಿ ಎಂದಿದೆ. ಅದು ಕೊಡಿ ಎಂದದ್ದು ವ್ಯಾಯಾಮ, ರೋಗದ ಬಗ್ಗೆ ತಿಳಿವಳಿಕೆ, ಮನಸ್ಸಿನ ಭಯ ತಗ್ಗಿಸುವ ಚಿಕಿತ್ಸೆಗಳನ್ನು. ನೋವಿದ್ದರೂ ನಡೆಯಬಹುದು, ಬಗ್ಗಿದರೆ ಬೆನ್ನು ಮುರಿಯುವುದಿಲ್ಲ ಎಂದು ಧೈರ್ಯ ಹೇಳಿ, ವಾರದಿಂದ ವಾರಕ್ಕೆ ಹೊರೆ ಏರಿಸುತ್ತ ಹೋಗುವ ಫಿಸಿಯೋಥೆರಪಿ ಎಷ್ಟು ರೋಗಿಗಳಿಗೆ ಸಿಕ್ಕಿದೆ? ಮೂರು ತಿಂಗಳು ಶಾಖ ಕೊಟ್ಟು, ‘ಫಿಸಿಯೋ ಎಲ್ಲಾ ಆಯ್ತು, ಇನ್ನು ಆಪರೇಷನ್ನೇ ಗತಿ’ ಎಂದರೆ, ನಡೆಯದ ಪರೀಕ್ಷೆಯಲ್ಲಿ ರೋಗಿ ಫೇಲಾದಂತೆ.

ಹೀಗಾಗಲು ಡಾಕ್ಟರ ದುರಾಸೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಹಣ ಹರಿಯುವ ದಿಕ್ಕನ್ನು ನೋಡಿ. 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ಕಟ್ಟಿಕೊಂಡದ್ದೇ ಶಸ್ತ್ರಚಿಕಿತ್ಸೆಗಳ ಪಟ್ಟಿಯ ಸುತ್ತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಆಸ್ಪತ್ರೆ ಚಿಕಿತ್ಸೆಗೆ ಪ್ಯಾಕೇಜ್ ಲೆಕ್ಕದಲ್ಲಿ ಕೊಡುತ್ತದೆ. ಖಾಸಗಿ ವಿಮೆಗೂ ಸಾಮಾನ್ಯವಾಗಿ ದಾಖಲಾಗಿರಬೇಕು. ಡಿಸ್ಕ್ ತೆಗೆಸಿಕೊಂಡರೆ ಕಾರ್ಡ್ ನಡೆಯುತ್ತದೆ. ಹನ್ನೆರಡು ವಾರ ಫಿಸಿಯೋಥೆರಪಿಸ್ಟರ ಬಳಿ ಹೋಗಿ ಬಂದರೆ ಫೀಸು, ಬಸ್ ಚಾರ್ಜು, ಹೋದ ಕೂಲಿ ಎಲ್ಲ ಕೈಯಿಂದ. ಬಡವರಿಗೆ ದುಬಾರಿ ಚಿಕಿತ್ಸೆ ಬಿಟ್ಟಿ, ಅಗ್ಗದ ಚಿಕಿತ್ಸೆ ದುಬಾರಿ.

ಸರಿಪಡಿಸಲು ಹೊಸ ಯೋಜನೆಯೇನೂ ಬೇಕಾಗಿಲ್ಲ. ಆರೋಗ್ಯ ಕರ್ನಾಟಕದಲ್ಲಿ ತುರ್ತು ಇಲ್ಲದವರು ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಬೆನ್ನಿನ ಕೇಸುಗಳ ಚೀಟಿಯಲ್ಲಿ ನೋವು ಮಂಡಿಯ ಕೆಳಗಿಳಿದಿದೆಯೇ, ಎಷ್ಟು ವಾರವಾಯಿತು, ಹೆಬ್ಬೆರಳಿನ ಬಲ ಎಷ್ಟು, ವ್ಯಾಯಾಮ ಚಿಕಿತ್ಸೆ ಎಷ್ಟು ಸಲ ಆಯಿತು ಎಂಬ ನಾಲ್ಕು ಕಾಲಂ ಸೇರಿಸಿ, ತುಂಬದಿದ್ದರೆ ಮಂಜೂರಾತಿ ಇಲ್ಲವೆಂದರೆ, ಆ ಐದು ನಿಮಿಷದ ಪರೀಕ್ಷೆ ತಾನಾಗಿ ನಡೆಯುತ್ತದೆ. ಹೊರರೋಗಿ ಫಿಸಿಯೋಥೆರಪಿಗೂ ಒಂದು ಪ್ಯಾಕೇಜ್ ಇಡಬೇಕು. ಫ್ಯೂಷನ್‌ಗೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಕಡ್ಡಾಯವಾಗಲಿ.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಇಎಸ್‌ಐ ಇದ್ದರೆ, ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ಅಂದರೆ ಹದಿಮೂರು ವಾರ. ಡಚ್ ಅಧ್ಯಯನದ ಕಾಯುವ ಗುಂಪಿಗೆ ಬೇಕಾದದ್ದು ಹನ್ನೆರಡು. ಆಕೆ ಕಾಯಬಲ್ಲಳು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲಿಗೆ ಆ ಸೌಲಭ್ಯ ಇಲ್ಲ. ಅದೇ ಡಿಸ್ಕ್, ಅದೇ ನರ, ಅದೇ ಫಿಲಂ ಇದ್ದರೂ ಎಂಟನೇ ವಾರಕ್ಕೇ ಆಪರೇಷನ್ ಸಾಕೆಂದು ಅವನು ಹೇಳಿದರೆ ನಾನು ತಪ್ಪೆನ್ನಲಾರೆ. ಅವನಿಗೆ ಬೇಕಾದದ್ದು ಹನ್ನೆರಡು ವಾರದ ಬದಲು ನಾಲ್ಕೇ ವಾರಕ್ಕೆ ಚೇತರಿಸಿಕೊಂಡಾಗ ಆಗುವ ಎಂಟು ವಾರದ ಉಳಿತಾಯ, ಅದನ್ನು ಆಪರೇಷನ್ ಕೊಡಬಲ್ಲದು. ಆದರೆ ಆಪರೇಷನ್ ಆದ ಮೇಲೂ ಭಾರ ಎತ್ತಲು ಸರ್ಜನ್ನರು ವಾರಗಟ್ಟಲೆ ಬಿಡುವುದಿಲ್ಲ ಎಂಬುದನ್ನು ಅವನಿಗೆ ಮೊದಲೇ ಹೇಳಿರಬೇಕು. ಆ ವಾರಗಳ ಕೂಲಿಗೆ ಈಗಿನ ಯಾವ ಪ್ಯಾಕೇಜಿನಲ್ಲೂ ಬಾಬತ್ತಿಲ್ಲ.